ಹರಿದು ಬರುವ ಮಾಹಿತಿ, ಹಿಗ್ಗುವ ಬಫರ್: ಕನ್ನಡ ಅಕ್ಷರ ನಡುವೆ ಒಡೆಯುವುದೇಕೆ?

ಮೊಬೈಲ್‌ನಲ್ಲೋ ಗಣಕಯಂತ್ರದಲ್ಲೋ ಕನ್ನಡ ಓದುತ್ತಿರುವಾಗ ಸಾಲಿನ ನಡುವೆ ಒಮ್ಮೊಮ್ಮೆ ಕರಿ ಹರಳಿನಂತಹ ಆಕಾರದೊಳಗೆ ಪ್ರಶ್ನಾರ್ಥಕ ಚಿಹ್ನೆ ಕಾಣಿಸುತ್ತದೆ. ಅದರ ಹಿಂದಿನ ಅಕ್ಷರ ಸರಿ ಇರುತ್ತದೆ, ಮುಂದಿನದೂ ಸರಿ ಇರುತ್ತದೆ, ನಡುವಿನ ಒಂದು ಅಕ್ಷರ ಮಾತ್ರ ಮಾಯ. ಫಾಂಟ್ ಸರಿ ಇಲ್ಲ ಎಂದು ಹಲವರು ತಿಳಿಯುತ್ತಾರೆ. ಆದರೆ ಫಾಂಟ್ ಇಲ್ಲದಿದ್ದರೆ ಎಲ್ಲ ಅಕ್ಷರಗಳೂ ಚೌಕಗಳಾಗಿ ಕಾಣಬೇಕಿತ್ತು. ನಡುವೆ ಒಂದೇ ಒಂದು ಅಕ್ಷರ ಕೆಟ್ಟಿದ್ದರೆ, ಆ ಬರಹವನ್ನು ತುಂಡು ತುಂಡಾಗಿ ಪಡೆದ ತಂತ್ರಾಂಶ ತುಂಡುಗಳನ್ನು ಸರಿಯಾಗಿ ಜೋಡಿಸಿಲ್ಲ ಎಂಬ ಸಂಶಯ ಮೊದಲು ಬರಬೇಕು.

ಗಡಿನಾಡಿನವರಿಗೆ ಇದು ಸಣ್ಣ ವಿಷಯವಲ್ಲ. ಇಲ್ಲಿ ಒಬ್ಬನೇ ವ್ಯಕ್ತಿಯ ಹೆಸರು ಒಂದು ಕಾಗದದಲ್ಲಿ ಕನ್ನಡದಲ್ಲಿ, ಇನ್ನೊಂದರಲ್ಲಿ ಮಲಯಾಳ, ಮರಾಠಿ, ತೆಲುಗು ಅಥವಾ ತಮಿಳಿನಲ್ಲಿ ಇರುವುದು ಸಾಮಾನ್ಯ. ಎರಡನ್ನೂ ಹೊಂದಿಸಿ ನೋಡುವಾಗ ಒಂದು ಗುಣಿತ ಬಿಟ್ಟುಹೋದರೂ ಹೆಸರು ಬೇರೆಯಾಗುತ್ತದೆ. ಹೆಸರಿನ ಬದಲು ಬೆಲೆಯೋ ಸರ್ವೆ ನಂಬರೋ ಆಗಿದ್ದರೆ ನಷ್ಟ ಇನ್ನೂ ದೊಡ್ಡದು.

ಇದಕ್ಕೆ ಪರಿಹಾರ ಹಳೆಯದು, ಸರಳವಾದದ್ದು. ಅದೇ ಬಫರ್, ಅಂದರೆ ಬಂದ ಮಾಹಿತಿಯನ್ನು ತಾತ್ಕಾಲಿಕವಾಗಿ ತುಂಬಿಡುವ ಮೆಮೊರಿಯ ಜಾಗ. ಅದನ್ನು ಹೇಗೆ ತುಂಬಬೇಕು, ಯಾವಾಗ ಹಿಗ್ಗಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದರಲ್ಲೇ ಜಾಣತನವಿದೆ.

ಕಣದಲ್ಲಿ ಸೇರು ಅಳೆದ ಹಾಗೆ

ಜತ್ತ, ಅಕ್ಕಲಕೋಟೆ ಕಡೆಯ ಜೋಳವಾಗಲಿ, ಮಡಕಶಿರಾ ಕಡೆಯ ರಾಗಿಯಾಗಲಿ, ಹಿಂದೆ ಕಣದಲ್ಲಿ ಸೇರಿನಿಂದ ಅಳೆಯುತ್ತಿದ್ದರು. ಕಾಳು ಬುಟ್ಟಿಗಳಲ್ಲಿ ಬರುತ್ತದೆ. ಯಾವ ಬುಟ್ಟಿಯೂ ಲೆಕ್ಕಕ್ಕೆ ಸರಿಯಾಗಿ ಇಷ್ಟೇ ಸೇರು ಎಂದು ಇರುವುದಿಲ್ಲ. ಅಳೆಯುವವನು ತುಂಬಿದ ಸೇರುಗಳನ್ನು ಎಣಿಸಿ ಚೀಲಕ್ಕೆ ಹಾಕುತ್ತಾನೆ. ಕೊನೆಗೆ ಅರ್ಧ ಸೇರು ಉಳಿದರೆ ಅದನ್ನು ಒಂದು ಸೇರು ಎಂದು ಎಣಿಸುವುದಿಲ್ಲ, ಎಸೆಯುವುದೂ ಇಲ್ಲ. ಚಾಪೆಯ ಮೇಲೆ ಬಿಟ್ಟು ಮುಂದಿನ ಬುಟ್ಟಿಗೆ ಕಾಯುತ್ತಾನೆ.

ಅಂತರ್ಜಾಲದಲ್ಲಿ ಮಾಹಿತಿ ಬರುವುದೂ ಬುಟ್ಟಿ ಬುಟ್ಟಿಯಾಗಿಯೇ. ಟಿಸಿಪಿ ಎಂಬ ಸಾಗಣೆ ನಿಯಮವು ಬೈಟ್‌ಗಳನ್ನು ಕಳುಹಿಸಿದ ಕ್ರಮದಲ್ಲೇ ತಲುಪಿಸುತ್ತದೆ. ಆದರೆ ಒಂದು ಸಾಲು ಎಲ್ಲಿ ಮುಗಿಯಿತು, ಒಂದು ಅಕ್ಷರ ಎಲ್ಲಿ ಮುಗಿಯಿತು ಎಂಬುದು ಅದಕ್ಕೆ ತಿಳಿಯದು. ಕಳುಹಿಸುವವರು ಒಂದೇ ಸಲಕ್ಕೆ ಕಳುಹಿಸಿದ್ದು ಪಡೆಯುವವರಿಗೆ ಮೂರು ತುಂಡಾಗಿ ಬರಬಹುದು. ಮೂರು ಸಲ ಕಳುಹಿಸಿದ್ದು ಒಂದೇ ತುಂಡಾಗಿಯೂ ಬರಬಹುದು. ಹೀಗೆ ಬಂದ ಬೈಟ್‌ಗಳಲ್ಲಿ ಪದ, ಸಾಲು, ಅಂಕಿಗಳನ್ನು ಗುರುತಿಸಿ ಬಿಡಿಸುವ ಕೆಲಸಕ್ಕೆ ಪಾರ್ಸಿಂಗ್ ಎಂದು ಹೆಸರು. ಅದನ್ನು ಮಾಡುವ ತಂತ್ರಾಂಶದ ಭಾಗವೇ ಪಾರ್ಸರ್. ಕಣದಲ್ಲಿ ಅಳೆಯುವವನ ಜಾಗದಲ್ಲಿ ಇಲ್ಲಿ ಪಾರ್ಸರ್ ಇದೆ, ಚಾಪೆಯ ಜಾಗದಲ್ಲಿ ಬಫರ್ ಇದೆ.

ಒಂದು ‘ಕ’ಗೆ ಮೂರು ಬೈಟ್

ಇಂದು ಜಾಲತಾಣಗಳ ಬರಹ ಬಹುತೇಕ ಯುಟಿಎಫ್-8 ಎಂಬ ಕ್ರಮದಲ್ಲಿ ಸಾಗುತ್ತದೆ. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ಇದನ್ನು ರೂಪಿಸಿದರು. ಇದರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. ಮೂಲಾಕ್ಷರ, ಗುಣಿತದ ಚಿಹ್ನೆ, ಅರ್ಧಾಕ್ಷರದ ಚಿಹ್ನೆ ಎಲ್ಲವೂ ಒಂದೊಂದು ಸಂಕೇತ. ‘ಕಾಸರಗೋಡು’ ಎಂಬುದರಲ್ಲಿ 8 ಸಂಕೇತಗಳಿವೆ, ಆದ್ದರಿಂದ 24 ಬೈಟ್. ‘ಹೊಸೂರು’ 18 ಬೈಟ್, ‘ತಾಳವಾಡಿ’ 21 ಬೈಟ್, ‘ಅಕ್ಕಲಕೋಟೆ’ 27 ಬೈಟ್. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಸ್ತ್ರೀ’ಯಲ್ಲಿ 6 ಸಂಕೇತಗಳು, 18 ಬೈಟ್‌ಗಳು.

ಎರಡು ಭಾಷೆ ಬಲ್ಲವರಿಗೆ ಇಲ್ಲೊಂದು ಸ್ವಾರಸ್ಯವಿದೆ. ಕನ್ನಡದ ‘ಕ’ದ ಮೂರು ಬೈಟ್‌ಗಳ ಬೆಲೆ 224, 178, 149. ಮಲಯಾಳದ ‘ಕ’ 224, 180, 149. ತೆಲುಗಿನ ‘ಕ’ 224, 176, 149. ತಮಿಳಿನದು 224, 174, 149. ಮರಾಠಿ ಬರೆಯುವ ದೇವನಾಗರಿಯದು 224, 164, 149. ಐದರಲ್ಲೂ ಮೊದಲ ಮತ್ತು ಕೊನೆಯ ಬೈಟ್ ಒಂದೇ, ನಡುವಿನದು ಮಾತ್ರ ಬೇರೆ. ಯುನಿಕೋಡ್ ಭಾರತದ ಲಿಪಿಗಳನ್ನು ನಮ್ಮ ದೇಶದ ಇಸ್ಕಿ ಮಾನಕದ ಕ್ರಮವನ್ನು ಅನುಸರಿಸಿ ಜೋಡಿಸಿದ್ದರಿಂದ, ಒಂದೇ ಅಕ್ಷರ ಆಯಾ ಲಿಪಿಯ ಪಟ್ಟಿಯಲ್ಲಿ ಒಂದೇ ಸ್ಥಾನದಲ್ಲಿ ಕುಳಿತಿದೆ. ಹಾಗಾಗಿ ಮೊದಲ ಬೈಟ್ ಒಂದೇ ಬಂದಾಗ ಅದು ಯಾವ ಭಾಷೆಯದು ಎಂದು ಸಹ ಹೇಳಲು ಬಾರದು. ಮೂರೂ ಬಂದ ಮೇಲೆಯೇ ಅಕ್ಷರ.

ಹಳೆಯ ನುಡಿ, ಬರಹ ಫಾಂಟ್‌ಗಳ ಕಾಲದ ಕಡತಗಳಲ್ಲಿ ಅಕ್ಷರದ ಒಂದೊಂದು ಆಕಾರಕ್ಕೆ ಒಂದೊಂದು ಬೈಟ್ ಇರುತ್ತಿತ್ತು. ಅಲ್ಲಿ ತುಂಡು ಎಲ್ಲಿ ಮುರಿದರೂ ಬೈಟ್ ಒಡೆಯುತ್ತಿರಲಿಲ್ಲ. ಯುನಿಕೋಡ್ ಬಂದು ಎಲ್ಲ ಯಂತ್ರಗಳಲ್ಲೂ ಕನ್ನಡ ಒಂದೇ ರೀತಿ ಕಾಣುವಂತಾಯಿತು. ಅದರ ಜೊತೆಗೆ ತುಂಡಿನ ಅಂಚನ್ನು ಕಾಯುವ ಹೊಣೆಯೂ ಬಂತು.

ಲೆಕ್ಕ ಹಾಕಿದರೆ ಇದು ಅಪರೂಪದ ತೊಂದರೆ ಅಲ್ಲವೆಂದು ತಿಳಿಯುತ್ತದೆ. ಒಂದು ಪ್ರೋಗ್ರಾಂ ಸಲಕ್ಕೆ 4096 ಬೈಟ್ ಓದುತ್ತದೆ ಎನ್ನೋಣ. 4096ನ್ನು 3ರಿಂದ ಭಾಗಿಸಿದರೆ 1 ಉಳಿಯುತ್ತದೆ. ನಡುವೆ ಖಾಲಿ ಜಾಗ, ಅಂಕಿಗಳಿಲ್ಲದ ಬರೀ ಕನ್ನಡ ಬರಹವಾದರೆ ಮೊದಲ ತುಂಡಿನ ಕೊನೆಯಲ್ಲಿ ಅಕ್ಷರದ ಒಂದು ಬೈಟ್, ಎರಡನೆಯದರ ಕೊನೆಯಲ್ಲಿ ಎರಡು ಬೈಟ್ ಉಳಿಯುತ್ತವೆ, ಮೂರನೆಯದು ಸರಿಹೋಗುತ್ತದೆ. ಅಂದರೆ ಮೂರರಲ್ಲಿ ಎರಡು ಅಂಚುಗಳು ಅಕ್ಷರದ ಹೊಟ್ಟೆಯಲ್ಲೇ ಬೀಳುತ್ತವೆ. ಇಂಗ್ಲಿಷ್ ಬರಹದಲ್ಲಿ ಮಾತ್ರ ಪರೀಕ್ಷಿಸಿದ ತಂತ್ರಾಂಶದಲ್ಲಿ ಈ ದೋಷ ವರ್ಷಗಟ್ಟಲೆ ಅಡಗಿ ಕುಳಿತು, ಕನ್ನಡ ಬಂದ ದಿನ ಹೊರಬೀಳುವುದು ಇದಕ್ಕೇ.

7200 ಹೋಗಿ 72 ಆದಾಗ

ಮಾರುಕಟ್ಟೆ ದರದ ಪಟ್ಟಿಯೊಂದು ಸಾಲು ಸಾಲಾಗಿ ಬರುತ್ತಿದೆ ಎಂದುಕೊಳ್ಳೋಣ. ಉದಾಹರಣೆಗೆ ಒಂದು ಸಾಲು: ‘ಆದವಾನಿ,ಹತ್ತಿ,7200’. ಊರಿನ ಹೆಸರಿಗೆ 18 ಬೈಟ್, ಬೆಳೆಯ ಹೆಸರಿಗೆ 15, ಎರಡು ಅಲ್ಪವಿರಾಮಕ್ಕೆ 2, ಅಂಕಿಗಳಿಗೆ 4, ಸಾಲು ಮುಗಿಯಿತು ಎನ್ನುವ ಗುರುತಿಗೆ 1. ಒಟ್ಟು 40 ಬೈಟ್.

ಮೊದಲ ತುಂಡು 32ನೇ ಬೈಟ್‌ಗೆ ಮುಗಿಯಿತು ಎನ್ನೋಣ. ಆಗ ‘ಹತ್ತಿ’ಯ ಗುಡಿಸಿನ ಒಂದು ಬೈಟ್ ಈ ತುಂಡಿನಲ್ಲಿ, ಉಳಿದ ಎರಡು ಮುಂದಿನದರಲ್ಲಿ. ಕಾಯದ ಪ್ರೋಗ್ರಾಂ ಈ ತುಂಡನ್ನು ಹಾಗೆಯೇ ಬರಹವಾಗಿಸಿದರೆ ‘ಹತ್ತ’ ಎಂದು ಬಂದು ಪಕ್ಕದಲ್ಲಿ ಕರಿ ಹರಳು ಕಾಣಿಸುತ್ತದೆ. ಮುಂದಿನ ತುಂಡಿನ ಆರಂಭದ ಎರಡು ಬೈಟ್‌ಗಳೂ ಅನಾಥವಾಗಿ ಅಲ್ಲೂ ಹರಳುಗಳು ಮೂಡುತ್ತವೆ. ಇಲ್ಲಿ ತಪ್ಪು ಕಣ್ಣಿಗೆ ಕಾಣುತ್ತದೆ, ಅಷ್ಟರ ಮಟ್ಟಿಗೆ ಒಳ್ಳೆಯದು.

ತುಂಡು 37ನೇ ಬೈಟ್‌ಗೆ ಮುಗಿದರೆ ಪರಿಸ್ಥಿತಿ ಬೇರೆ. ಅಕ್ಷರಗಳೆಲ್ಲ ಸರಿ ಇವೆ, ಹರಳೂ ಇಲ್ಲ. ಆದರೆ ದರ ‘72’ ಎಂದು ಓದಲ್ಪಡುತ್ತದೆ. ಉಳಿದ ‘00’ ಮುಂದಿನ ತುಂಡಿನ ತಲೆಯಲ್ಲಿ ಬೇರೆಯಾಗಿ ಬರುತ್ತದೆ. ಯಂತ್ರ ದೂರು ಹೇಳುವುದಿಲ್ಲ, ನೋಡಿದವರಿಗೂ ಅನುಮಾನ ಬಾರದು. ಒಡೆದ ಅಕ್ಷರಕ್ಕಿಂತ ಹೀಗೆ ಸದ್ದಿಲ್ಲದೆ ತಪ್ಪುವ ಅಂಕಿ ಅಪಾಯಕಾರಿ. ಆದ್ದರಿಂದ ಮೊದಲ ನಿಯಮ: ಸಾಲಿನ ಕೊನೆಯ ಗುರುತು ಬರುವವರೆಗೆ ಯಾವುದನ್ನೂ ಪೂರ್ಣ ಎಂದು ಎಣಿಸಬಾರದು.

ಬಫರ್ ನಡೆಸುವ ಕ್ರಮ

ಬಫರ್ ನಡೆಸಲು ಮೂರು ಲೆಕ್ಕಗಳು ಸಾಕು. ಒಟ್ಟು ಜಾಗ ಎಷ್ಟು, ಎಲ್ಲಿಯವರೆಗೆ ತುಂಬಿದೆ, ಎಲ್ಲಿಯವರೆಗೆ ಓದಿ ಮುಗಿಸಿದೆ. ಕೆಲಸ ಹೀಗೆ ಸಾಗುತ್ತದೆ:

1. ಬಂದ ತುಂಡನ್ನು ಬಫರಿನ ಖಾಲಿ ಜಾಗಕ್ಕೆ ಸೇರಿಸಿ, ತುಂಬಿದ ಮಟ್ಟವನ್ನು ಮುಂದೆ ಸರಿಸುವುದು.
2. ಪೂರ್ಣವಾದ ಸಾಲುಗಳು ಇರುವಷ್ಟನ್ನು ಒಂದೊಂದಾಗಿ ತೆಗೆದು ಬಿಡಿಸುವುದು.
3. ಕೊನೆಗೆ ಉಳಿದ ಅರೆಬರೆ ಭಾಗವನ್ನು ಬಫರಿನ ಮೊದಲಿಗೆ ಸರಿಸುವುದು. ಪ್ರತಿ ಸಾಲಿಗೂ ಹೀಗೆ ಸರಿಸಿದರೆ ಕೆಲಸ ಹೆಚ್ಚು. ಒಂದು ತುಂಡಿಗೆ ಒಮ್ಮೆ ಸಾಕು.
4. ಬಫರ್ ತುಂಬಿಯೂ ಒಂದು ಸಾಲು ಪೂರ್ಣವಾಗದಿದ್ದರೆ ಮಾತ್ರ ದೊಡ್ಡ ಜಾಗ ಪಡೆದು ಹಳೆಯದನ್ನು ಅಲ್ಲಿಗೆ ನಕಲು ಮಾಡುವುದು.
5. ಮೇಲ್ಮಿತಿ ಮೀರಿದರೆ ನಿಲ್ಲಿಸಿ ತಪ್ಪು ಎಂದು ತಿಳಿಸುವುದು.
6. ಹರಿವು ಮುಗಿದಾಗ ಬಫರಿನಲ್ಲಿ ಏನಾದರೂ ಉಳಿದಿದೆಯೇ ಎಂದು ನೋಡುವುದು.

ಆರನೆಯದನ್ನು ಮರೆಯುವವರು ಬಹಳ. ಎಷ್ಟೋ ಕಡತಗಳಲ್ಲಿ ಕೊನೆಯ ಸಾಲಿಗೆ ಮುಕ್ತಾಯದ ಗುರುತು ಇರುವುದಿಲ್ಲ. ಮರೆತರೆ ಪಟ್ಟಿಯ ಕೊನೆಯ ಹೆಸರು ಬಿಟ್ಟುಹೋಗುತ್ತದೆ. ಹಾಗೆಂದು ಉಳಿದದ್ದನ್ನೆಲ್ಲ ಕಣ್ಣು ಮುಚ್ಚಿ ಒಪ್ಪಲೂ ಬಾರದು. ಸಂಪರ್ಕ ನಡುವೆ ಕಡಿದು ‘72’ಕ್ಕೇ ನಿಂತಿರಬಹುದು. ಒಟ್ಟು ಎಷ್ಟು ಬೈಟ್ ಬರಬೇಕಿತ್ತು ಎಂದು ಮೊದಲೇ ತಿಳಿಸುವ ಕ್ರಮವಿದ್ದರೆ ಎರಡನ್ನೂ ತಾಳೆ ನೋಡಬಹುದು.

ಸಾಲನ್ನು ಲೆಕ್ಕಿಸದೆ ಬರಹವನ್ನು ಬಂದ ಹಾಗೆ ತೋರಿಸಬೇಕಾದಾಗಲೂ ಅಕ್ಷರವನ್ನು ಕಾಯಲು ಯುಟಿಎಫ್-8 ದಾರಿ ಮಾಡಿಕೊಟ್ಟಿದೆ. 0ರಿಂದ 127ರವರೆಗಿನ ಬೈಟ್ ತಾನೇ ಒಂದು ಅಕ್ಷರ. 128ರಿಂದ 191ರವರೆಗಿನದು ಯಾವುದೋ ಅಕ್ಷರದ ಮುಂದುವರಿದ ಭಾಗ. 224ರಿಂದ 239ರವರೆಗಿನದು ಮೂರು ಬೈಟ್ ಅಕ್ಷರದ ಮೊದಲ ಭಾಗ. ತುಂಡಿನ ಕೊನೆಯಿಂದ ಹೆಚ್ಚೆಂದರೆ ಮೂರು ಬೈಟ್ ಹಿಂದಕ್ಕೆ ನೋಡಿದರೆ ಕೊನೆಯ ಅಕ್ಷರ ಪೂರ್ಣವೋ ಅಲ್ಲವೋ ತಿಳಿಯುತ್ತದೆ. ಅಪೂರ್ಣವಾದರೆ ಆ ಒಂದೆರಡು ಬೈಟ್ ಉಳಿಸಿ ಮಿಕ್ಕಿದ್ದನ್ನು ಕೊಟ್ಟರಾಯಿತು. ಪೈಥಾನ್‌ನ ಇನ್‌ಕ್ರಿಮೆಂಟಲ್ ಡಿಕೋಡರ್, ನೋಡ್ ಜೆಎಸ್‌ನ ಸ್ಟ್ರಿಂಗ್ ಡಿಕೋಡರ್, ಜಾವಾದ ಇನ್‌ಪುಟ್ ಸ್ಟ್ರೀಮ್ ರೀಡರ್ ಇದೇ ಕೆಲಸ ಮಾಡುತ್ತವೆ. ಇವು ಕೈಯಲ್ಲಿರುವಾಗ ಪ್ರತಿ ತುಂಡನ್ನೂ ಬೇರೆ ಬೇರೆಯಾಗಿ ಬರಹವಾಗಿಸುವುದು ಸುಮ್ಮನೆ ತಪ್ಪನ್ನು ಕರೆದಂತೆ.

ಹಿಗ್ಗಿಸುವಾಗ ಎಷ್ಟು?

ಚೀಲ ತುಂಬಿದಾಗ ಸ್ವಲ್ಪವೇ ದೊಡ್ಡ ಚೀಲ ತಂದು ಎಲ್ಲವನ್ನೂ ಸುರಿದರೆ ಸ್ವಲ್ಪ ಹೊತ್ತಿಗೆ ಅದೂ ತುಂಬುತ್ತದೆ. ಮತ್ತೆ ಸುರಿಯಬೇಕು. ಬಫರಿನಲ್ಲೂ ಹೀಗೆಯೇ.

4 ಕೆಬಿಯಿಂದ ಆರಂಭಿಸಿ 1 ಎಂಬಿ, ಅಂದರೆ 1024 ಕೆಬಿಯವರೆಗೆ ಬೆಳೆಸಬೇಕಿದೆ ಎನ್ನೋಣ. ಪ್ರತಿ ಸಲ 4 ಕೆಬಿ ಮಾತ್ರ ಸೇರಿಸುತ್ತ ಹೋದರೆ 255 ಸಲ ಹಿಗ್ಗಿಸಬೇಕು. ಪ್ರತಿ ಸಲವೂ ನಕಲು ಮಾಡಿದರೆ ಒಟ್ಟು ನಕಲು 130560 ಕೆಬಿ, ಸುಮಾರು 127 ಎಂಬಿ. ಅದರ ಬದಲು ಪ್ರತಿ ಸಲ ಇಮ್ಮಡಿ ಮಾಡಿದರೆ 4, 8, 16 ಎಂದು ಎಂಟೇ ಸಲಕ್ಕೆ 1024 ತಲುಪುತ್ತದೆ. ಒಟ್ಟು ನಕಲು 1020 ಕೆಬಿ ಮಾತ್ರ. ಕೆಲಸ ಒಂದೇ, ಶ್ರಮದಲ್ಲಿ 128 ಪಟ್ಟು ವ್ಯತ್ಯಾಸ. ಕೆಲವು ತಂತ್ರಾಂಶಗಳು ಇಮ್ಮಡಿಯ ಬದಲು ಒಂದೂವರೆ ಪಟ್ಟು ಮಾಡುತ್ತವೆ. ಪಟ್ಟಿನಲ್ಲಿ ಬೆಳೆಯಬೇಕು ಎಂಬುದೇ ಮುಖ್ಯ.

ಹುಡುಕುವುದರಲ್ಲೂ ಇದೇ ಎಚ್ಚರ ಬೇಕು. ಹೊಸ ತುಂಡು ಬಂದಾಗಲೆಲ್ಲ ಸಾಲಿನ ಕೊನೆಯ ಗುರುತನ್ನು ಬಫರಿನ ಮೊದಲಿನಿಂದ ಹುಡುಕಿದರೆ ಹಳೆಯ ಬೈಟ್‌ಗಳನ್ನೇ ಮತ್ತೆ ಮತ್ತೆ ನೋಡಿದಂತೆ. 1 ಎಂಬಿ ಉದ್ದದ ಸಾಲು 4 ಕೆಬಿ ತುಂಡುಗಳಲ್ಲಿ ಬಂದರೆ ಹೀಗೆ ನೋಡಿದ್ದು 128 ಎಂಬಿ ದಾಟುತ್ತದೆ. ಎಲ್ಲಿಯವರೆಗೆ ಹುಡುಕಿದೆ ಎಂದು ನೆನಪಿಟ್ಟರೆ 1 ಎಂಬಿಯಲ್ಲಿ ಮುಗಿಯುತ್ತದೆ.

ಇನ್ನೊಂದು ಹೊಂಡವಿದೆ. ಬಫರ್ ಹಿಗ್ಗಿದಾಗ ಅದು ಮೆಮೊರಿಯಲ್ಲಿ ಬೇರೆ ಜಾಗಕ್ಕೆ ಹೋಗಬಹುದು. ಹಳೆಯ ವಿಳಾಸ ಬರೆದಿಟ್ಟುಕೊಂಡ ಪ್ರೋಗ್ರಾಂ ಮನೆ ಬದಲಾಯಿಸಿದವರ ಹಳೆಯ ಮನೆಯ ಬಾಗಿಲು ತಟ್ಟಿದಂತೆ ಆಗುತ್ತದೆ. ಒಳಗೆ ಈಗ ಯಾರಿದ್ದಾರೋ ಗೊತ್ತಿಲ್ಲ. ಸಿ ಭಾಷೆಯಲ್ಲಿ ಬರೆಯುವವರು ವಿಳಾಸದ ಬದಲು ‘ಮೊದಲಿನಿಂದ ಇಷ್ಟನೇ ಬೈಟ್’ ಎಂಬ ಲೆಕ್ಕ ಇಟ್ಟುಕೊಳ್ಳುವುದು ಕ್ಷೇಮ.

ಬೇಲಿ ಇಲ್ಲದ ಹೊಲ

ಬಫರ್ ಹಿಗ್ಗುತ್ತದೆ ಎಂದ ಮಾತ್ರಕ್ಕೆ ಮಿತಿಯೇ ಇರಬಾರದೆಂದಲ್ಲ. ಸಾಲಿನ ಕೊನೆಯ ಗುರುತನ್ನೇ ಕಳುಹಿಸದೆ ಬೈಟ್ ಸುರಿಯುತ್ತ ಹೋಗುವ ಕಿಡಿಗೇಡಿ ಒಬ್ಬನಿದ್ದರೆ ಸರ್ವರಿನ ಮೆಮೊರಿ ಬರಿದಾಗುತ್ತದೆ. ಸಾವಿರ ಸಂಪರ್ಕಗಳು ತಲಾ 1 ಎಂಬಿ ಹಿಡಿದರೆ ಸುಮಾರು 1 ಜಿಬಿ ಹೋಯಿತು. ದೊಡ್ಡ ಸಾಲು ಮುಗಿದ ಮೇಲೆ ಹಿಗ್ಗಿದ ಬಫರನ್ನು ಮತ್ತೆ ಸಣ್ಣದು ಮಾಡುವುದೂ ಒಳ್ಳೆಯ ಅಭ್ಯಾಸ. 2009ರಲ್ಲಿ ಹೊರಬಂದ ಸ್ಲೋಲೋರಿಸ್ ಎಂಬ ದಾಳಿಯ ಸಾಧನ ಇನ್ನೊಂದು ಬಗೆಯದು. ಅದು ಕೋರಿಕೆಯನ್ನು ಪೂರ್ಣಗೊಳಿಸದೆ ಚೂರುಚೂರಾಗಿ ಕಳುಹಿಸುತ್ತ ಸರ್ವರನ್ನು ಕಾಯಿಸುತ್ತಿತ್ತು. ಆದ್ದರಿಂದ ಗಾತ್ರಕ್ಕೆ ಮಿತಿ ಇದ್ದಂತೆ ಕಾಯುವ ಹೊತ್ತಿಗೂ ಮಿತಿ ಬೇಕು.

ಎಂಜಿನ್‌ಎಕ್ಸ್ ಎಂಬ ಪ್ರಸಿದ್ಧ ವೆಬ್ ಸರ್ವರ್ ಇದಕ್ಕೆ ಮಾದರಿ. ಯಾರೂ ಬದಲಿಸದಿದ್ದರೆ ಅದು ಕೋರಿಕೆಯ ತಲೆಭಾಗಕ್ಕೆ ಮೊದಲು 1 ಕೆಬಿ ಬಫರ್ ಕೊಡುತ್ತದೆ. ಸಾಲದಿದ್ದರೆ 8 ಕೆಬಿಯ ನಾಲ್ಕು ಬಫರ್‌ವರೆಗೆ ಹೋಗುತ್ತದೆ. ವಿಳಾಸದ ಸಾಲು 8 ಕೆಬಿ ಮೀರಿದರೆ 414 ಎಂಬ ತಪ್ಪು ಸಂಖ್ಯೆ ಕೊಟ್ಟು ನಿಲ್ಲಿಸುತ್ತದೆ. ಕನ್ನಡಕ್ಕೆ ಇಲ್ಲೂ ಒಂದು ತೆರಿಗೆ ಇದೆ. ಜಾಲತಾಣದ ವಿಳಾಸದಲ್ಲಿ ಕನ್ನಡ ಬಂದರೆ ಪ್ರತಿ ಬೈಟ್ ಶೇಕಡಾ ಚಿಹ್ನೆ ಸೇರಿ ಮೂರು ಬೈಟ್ ಆಗುತ್ತದೆ. ಅಂದರೆ ಒಂದು ಸಂಕೇತಕ್ಕೆ 9 ಬೈಟ್, ‘ಕಾಸರಗೋಡು’ ಎಂಬ ಒಂದು ಹೆಸರಿಗೆ 72. ಮಿತಿಯನ್ನು ಇಂಗ್ಲಿಷ್ ಲೆಕ್ಕದಲ್ಲಿ ಬಿಗಿಯಾಗಿ ಇಟ್ಟರೆ ಕನ್ನಡದ ಬಳಕೆದಾರ ಮೊದಲು ಹೊರಬೀಳುತ್ತಾನೆ.

ಬೇಲಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಎರಡು ಪ್ರಸಿದ್ಧ ಪ್ರಸಂಗಗಳಿವೆ. 1988ರ ನವೆಂಬರ್ 2ರಂದು ಅಮೆರಿಕದ ವಿದ್ಯಾರ್ಥಿ ರಾಬರ್ಟ್ ಮೋರಿಸ್ ಹರಿಯಬಿಟ್ಟ ‘ಹುಳು’ ಸಾವಿರಾರು ಗಣಕಯಂತ್ರಗಳನ್ನು ಹೊಕ್ಕಿತು. ಅದು ಬಳಸಿದ ದಾರಿಗಳಲ್ಲಿ ಒಂದು, ಫಿಂಗರ್ ಸೇವೆಯ 512 ಬೈಟ್ ಬಫರ್. ಆ ಪ್ರೋಗ್ರಾಂ ಗೆಟ್ಸ್ ಎಂಬ ಕಾರ್ಯದಿಂದ ಸಾಲು ಓದುತ್ತಿತ್ತು, ಗೆಟ್ಸ್‌ಗೆ ಜಾಗ ಎಷ್ಟಿದೆ ಎಂಬುದೇ ತಿಳಿಯದು. ಹುಳು 536 ಬೈಟ್ ಕಳುಹಿಸಿತು. ಹೆಚ್ಚಿನ 24 ಬೈಟ್ ಪಕ್ಕದ ಮೆಮೊರಿಯ ಮೇಲೆ ಚೆಲ್ಲಿ ಯಂತ್ರದ ಹಿಡಿತ ಅದರ ಕೈಗೆ ಬಂತು. ಕೊನೆಗೆ 2011ರ ಸಿ ಮಾನಕದಲ್ಲಿ ಗೆಟ್ಸ್ ಅನ್ನೇ ಕೈಬಿಡಲಾಯಿತು.

ಎರಡನೆಯದು 2017ರ ಫೆಬ್ರವರಿಯದು. ಅಂತರ್ಜಾಲದ ದೊಡ್ಡ ಮಧ್ಯವರ್ತಿ ಸಂಸ್ಥೆ ಕ್ಲೌಡ್‌ಫ್ಲೇರ್‌ನ ಪುಟ ಬಿಡಿಸುವ ಪಾರ್ಸರಿನಲ್ಲಿ ದೋಷವಿರುವುದನ್ನು ಗೂಗಲ್‌ನ ಟಾವಿಸ್ ಆರ್ಮಂಡಿ ಪತ್ತೆ ಹಚ್ಚಿದರು. ಬಫರಿನ ಕೊನೆ ಬಂತೇ ಎಂದು ನೋಡುವಾಗ ಆ ಪ್ರೋಗ್ರಾಂ ‘ಕೊನೆಗೆ ಸಮವೇ’ ಎಂದಷ್ಟೇ ಕೇಳುತ್ತಿತ್ತು, ‘ಸಮವೇ ಅಥವಾ ಹೆಚ್ಚೇ’ ಎಂದು ಕೇಳುತ್ತಿರಲಿಲ್ಲ. ಎಂಟನೇ ಮೈಲಿಗಲ್ಲಿನ ಹತ್ತಿರ ಇಳಿಯಬೇಕಾದವನು ಅದನ್ನು ದಾಟಿಬಿಟ್ಟ ಮೇಲೆ ಎಂಟನ್ನೇ ಹುಡುಕುತ್ತ ಮುಂದೆ ಹೋದಂತೆ ಇದು. ಪುಟವೊಂದು ಅರ್ಧಕ್ಕೆ ನಿಂತ ಗುರುತಿನಿಂದ ಮುಗಿದಾಗ ಪಾರ್ಸರ್ ಬಫರಿನ ಅಂಚು ದಾಟಿ, ಪಕ್ಕದ ಮೆಮೊರಿಯಲ್ಲಿದ್ದ ಬೇರೆಯವರ ಖಾಸಗಿ ಮಾಹಿತಿಯನ್ನು ಪುಟದೊಳಗೆ ಸುರಿಯಿತು. ದೋಷವಿದ್ದ ಭಾಗ ವರ್ಷಗಳಿಂದ ತೊಂದರೆ ಕೊಡದೆ ಇತ್ತು. ಬಫರ್ ನಡೆಸುವ ಕ್ರಮ ಬದಲಾದಾಗ ಅದು ಹೊರಬಂತು.

ಒಂದೊಂದೇ ಬೈಟ್ ಕೊಟ್ಟು ನೋಡಿ

ಗಡಿಯ ಹಳ್ಳಿಗಳಿಂದ ಡಿಪ್ಲೊಮಾ, ಎಂಜಿನಿಯರಿಂಗ್ ಓದಿ ತಂತ್ರಾಂಶದ ಕೆಲಸಕ್ಕೆ ಹೋಗುವ ಮಕ್ಕಳಿಗೆ ಇದರಲ್ಲಿ ಒಂದು ಅನುಕೂಲವಿದೆ. ಪರೀಕ್ಷಿಸಲು ಬೇಕಾದ ಎರಡು ಲಿಪಿಗಳು ಅವರ ಮನೆಯಲ್ಲೇ ಇವೆ. ಮಾಡಬೇಕಾದ ಪರೀಕ್ಷೆಯೂ ಕಷ್ಟದ್ದಲ್ಲ. ಕನ್ನಡವೂ ನೆರೆಭಾಷೆಯೂ ಅಂಕಿಗಳೂ ಬೆರೆತ ನಾಲ್ಕು ಸಾಲು ಬರೆದು ಪಾರ್ಸರಿಗೆ ಮೊದಲು ಒಟ್ಟಿಗೆ ಕೊಡಬೇಕು. ನಂತರ ಅದನ್ನೇ ಒಂದೊಂದೇ ಬೈಟ್ ಆಗಿ ಕೊಡಬೇಕು. ಆಮೇಲೆ ಮೊದಲ ಬೈಟ್‌ನಿಂದ ಕೊನೆಯವರೆಗೆ ಪ್ರತಿ ಜಾಗದಲ್ಲೂ ಎರಡಾಗಿ ಕತ್ತರಿಸಿ ಕೊಡಬೇಕು. 40 ಬೈಟ್‌ನ ಸಾಲಿಗೆ ಇಂಥ 39 ಕತ್ತರಿಗಳು ಮಾತ್ರ. ಎಲ್ಲ ಸಲವೂ ಉತ್ತರ ಒಂದೇ ಬಂದರೆ ಅಂಚುಗಳು ಗಟ್ಟಿ ಎಂದು ತಿಳಿಯಬಹುದು. ಒಂದು ಸಲ 7200 ಬಂದು ಇನ್ನೊಂದು ಸಲ 72 ಬಂದರೆ, ಯಾವ ಜಾಗದಲ್ಲಿ ಕತ್ತರಿಸಿದಾಗ ಹಾಗಾಯಿತು ಎಂಬುದೇ ದೋಷವನ್ನು ತೋರಿಸಿಕೊಡುತ್ತದೆ.

ತಂತ್ರಾಂಶ ಬರೆಯದವರಿಗೂ ಇದರಿಂದ ಉಪಯೋಗವಿದೆ. ಅರ್ಜಿ ತುಂಬಿದ ಮೇಲೆ ಮುದ್ರಿತ ಪ್ರತಿಯಲ್ಲಿ ಹೆಸರಿನ ನಡುವೆ ಹರಳು ಅಥವಾ ಬಿಟ್ಟುಹೋದ ಗುಣಿತ ಕಂಡರೆ ‘ಕಂಪ್ಯೂಟರಿನಲ್ಲಿ ಕನ್ನಡ ಹಾಗೆಯೇ ಬರುವುದು’ ಎಂಬ ಉತ್ತರವನ್ನು ಒಪ್ಪಬೇಕಾಗಿಲ್ಲ. ಕನ್ನಡದಲ್ಲಿ ದೋಷವಿಲ್ಲ. ಮೂರು ಬೈಟ್ ಬರುವವರೆಗೆ ಕಾಯದ ಪ್ರೋಗ್ರಾಂನಲ್ಲಿ ದೋಷವಿದೆ, ಅದನ್ನು ಸರಿಪಡಿಸಲು ಬರುತ್ತದೆ. ಕಾಗದ ಕೈಗೆ ತೆಗೆದುಕೊಳ್ಳುವ ಮೊದಲೇ ಹೆಸರು, ಅಂಕಿ ಎರಡನ್ನೂ ಓದಿ ನೋಡಿ ತಿದ್ದಿಸಿಕೊಳ್ಳುವುದು ಒಳ್ಳೆಯದು.